ನಾಳೆ ನೀರಿಲ್ಲ

ಗೌರಿಹಬ್ಬಕ್ಕೆ ಮುಂಚೆ ಕಾಂಪೌಂಡಿಗೆ ಬಣ್ಣ ಹೊಡೆಸಿಬಿಡೋಣ ಎಂದು ಪೇಂಟರನ್ನು ಕರೆಸಿದ್ದೆ. ಎರಡು ದಿನ ತಲೆ ತಗ್ಗಿಸಿ ಕೆಲಸ ಮಾಡಿದವನು ಮೂರನೆಯ ದಿನ ಬೆಳಿಗ್ಗೆ ಬ್ರಷ್ಷು ಕೆಳಗಿಟ್ಟು ಗೇಟಿನ ಹತ್ತಿರ ಬಂದು ನಿಂತ.

"ಅಮ್ಮಾ, ಈ ಮೂಲೇಲಿ ಬಣ್ಣ ಕೂರ್ತಾ ಇಲ್ಲ. ಎಷ್ಟು ಬಳಿದ್ರೂ ಒಳಗಿಂದ ಕಪ್ಪು ಎದ್ದು ಬರ್ತದೆ. ಪೈಪು ಗೀಪು ಒಡೆದಿದೆಯಾ ನೋಡಿ."

ಪೈಪು ಒಡೆದಿರಲಿಲ್ಲ. ಆರಡಿ ಉದ್ದ, ಮೂರೂವರೆ ಅಡಿ ಎತ್ತರ, ನಾಲ್ಕು ಮೂಲೆ ಅಳತೆಗೋಲಿಟ್ಟು ಗೆರೆ ಎಳೆದಂತೆ ನೇರ. ತೇವ ಹಾಗೆ ಚೌಕಾಕಾರವಾಗಿ ಹಬ್ಬುವುದಿಲ್ಲ.

"ಅಲ್ಲಿ ಹಲಗೆ ಇತ್ತಪ್ಪ" ಎಂದೆ.

"ಏನು ಹಲಗೆ?"

"ಸುದ್ದಿ ಬರೆಯೋ ಹಲಗೆ. ನಾಳೆ ನೀರು ಬರುತ್ತೋ ಇಲ್ಲವೋ, ಸಕ್ಕರೆ ಬಂದಿದೆಯೋ ಇಲ್ಲವೋ, ಯಾರು ಹೋದರು, ಎಲ್ಲಿ ಹರಿಕಥೆ, ಅದೆಲ್ಲ."

ಅವನು ಹುಂ ಎಂದು ಜೇಬಿನಿಂದ ಫೋನು ತೆಗೆದು ನೋಡಿದ. ಗಂಟೆ ನೋಡಿಕೊಂಡನೆಂದು ಕಾಣುತ್ತದೆ.

ಮೈಸೂರಿನ ಒಂಟಿಕೊಪ್ಪಲಿನಲ್ಲಿ ನಮ್ಮದು ಕ್ರಾಸಿನ ಮೂಲೆ ಮನೆ. ಮೂಲೆ ಮನೆಯ ಗೋಡೆ ಎಂದೂ ಪೂರ್ತಿಯಾಗಿ ಮನೆಯವರದ್ದಲ್ಲ. ಸಿನಿಮಾದವರು ಪೋಸ್ಟರು ಅಂಟಿಸುತ್ತಾರೆ, ಚುನಾವಣೆಯವರು ಗುರುತು ಬರೆಯುತ್ತಾರೆ, ಮಿಕ್ಕವರು ಕತ್ತಲಾಗುವುದನ್ನೇ ಕಾಯುತ್ತಾರೆ. ಇದೆಲ್ಲ ತಪ್ಪಬೇಕಾದರೆ ಗೋಡೆಗೂ ಒಂದು ಉದ್ಯೋಗ ಕೊಡಬೇಕು ಎಂದು ಅಪ್ಪನನ್ನು ಒಪ್ಪಿಸಿದವರು ಎದುರಿನ ವಠಾರದ ಮೇಷ್ಟ್ರು. ಆಗ ನಾನು ನಾಲ್ಕನೇ ಕ್ಲಾಸು, 1972 ಇರಬೇಕು. ಮೇಷ್ಟ್ರಿಗೆ ಮಿಡ್ಲ್ ಸ್ಕೂಲಿನಿಂದ ಆಗತಾನೆ ರಿಟೈರಾಗಿತ್ತು. ನಲವತ್ತು ಮಕ್ಕಳ ಎದುರು ನಿಂತು ಬರೆದ ಕೈಗೆ ಪೆನ್ಶನ್ ಬಂದರೂ ಸುಮ್ಮನಿರುವುದು ಬರಲಿಲ್ಲ.

ಸಿಮೆಂಟು ಗಾರೆ ಮಾಡಿಸಿದ ಖರ್ಚು ಅಪ್ಪನದು. ಕಪ್ಪು ಬಳಿದ ಕೆಲಸ ನಮ್ಮದು, ಅಂದರೆ ಕ್ರಾಸಿನ ಮಕ್ಕಳದು. ತೀರಿಹೋದ ಟಾರ್ಚಿನ ಸೆಲ್ಲುಗಳನ್ನು ಕಲ್ಲಿನಲ್ಲಿ ಜಜ್ಜಿ ಒಳಗಿನ ಮಸಿ ತೆಗೆದು, ತೊಂಡೆ ಸೊಪ್ಪಿನ ರಸದಲ್ಲಿ ಕಲಸಿ, ಗೋಣಿಚೀಲದ ತುಂಡಿನಿಂದ ತಿಕ್ಕಿ ತಿಕ್ಕಿ ಬಳಿದೆವು. ವರ್ಷಕ್ಕೆರಡು ಸಲ, ಯುಗಾದಿಗೆ ಒಂದು, ಆಯುಧಪೂಜೆಗೆ ಒಂದು. ಇಪ್ಪತ್ತೈದು ವರ್ಷದ ಆ ಮಸಿಯನ್ನು ಎರಡು ಕೋಟು ಕ್ರೀಮ್ ಬಣ್ಣ ಮುಚ್ಚಲಾರದ್ದು ಆಶ್ಚರ್ಯವೇನಲ್ಲ. ಅಮ್ಮನಿಗೆ ಮಾತ್ರ ಮೊದಲ ದಿನದಿಂದ ಒಂದೇ ತಕರಾರು: ಸೀಮೆಸುಣ್ಣದ ಪುಡಿ ರಂಗೋಲಿಯ ಮೇಲೆ ಬೀಳುತ್ತದೆ. "ಅದೂ ಬಿಳಿ, ಇದೂ ಬಿಳಿ, ಬೀಳಲಿ ಬಿಡಮ್ಮಾ" ಎಂದರು ಮೇಷ್ಟ್ರು. ಅಮ್ಮ ರಂಗೋಲಿಯನ್ನು ಒಂದು ಮಾರು ಆಚೆ ಸರಿಸಿದಳು. ಹೊಸದಾಗಿ ಬಂದ ಪೋಸ್ಟ್‌ಮ್ಯಾನು ಗೇಟು ಎಲ್ಲಿದೆಯೆಂದು ಗೊಂದಲಪಟ್ಟ.

ಬೆಳಿಗ್ಗೆ ಆರೂವರೆಗೆ ಮೇಷ್ಟ್ರು ಬರುತ್ತಿದ್ದರು. ಪಂಚೆ, ಮೇಲೊಂದು ಹಳೆಯ ಕೋಟು, ಕೋಟಿನ ಎಡಜೇಬಿನಲ್ಲಿ ನಶ್ಯದ ಡಬ್ಬಿ, ಬಲಜೇಬಿನಲ್ಲಿ ಸೀಮೆಸುಣ್ಣದ ಡಬ್ಬಿ. ಒಮ್ಮೊಮ್ಮೆ ಜೇಬು ತಪ್ಪುತ್ತಿತ್ತು. ಮೊದಲು ಒದ್ದೆ ಬಟ್ಟೆಯಿಂದ ಒರೆಸುವುದು. ಆಮೇಲೆ ಮೇಲಿನ ಎಡಮೂಲೆಯಲ್ಲಿ ವಾರ, ತಿಥಿ. ಅದಕ್ಕೆ ಒಂಟಿಕೊಪ್ಪಲ್ ಪಂಚಾಂಗವೇ ಆಧಾರ. ನಾಡಿನ ಮದುವೆ ಮುಂಜಿಗಳಿಗೆಲ್ಲ ಮುಹೂರ್ತ ಕೊಡುವ ಪಂಚಾಂಗಕ್ಕೆ ನಮ್ಮ ಬಡಾವಣೆಯ ಹೆಸರಿದೆ ಎಂಬುದು ನಮಗೆಲ್ಲ ಸಣ್ಣ ಜಂಬದ ಸಂಗತಿ. ಪಂಚಾಂಗ ಲೋಕಕ್ಕೆ ಏಕಾದಶಿ ಹೇಳಿತು. ಹಲಗೆ ನಮ್ಮ ಕ್ರಾಸಿಗೆ ನೀರು ಹೇಳಿತು. ವಾಣಿವಿಲಾಸ ವಾಟರ್ ವರ್ಕ್ಸ್ ಕೂಗಳತೆಯಲ್ಲಿದ್ದು, ಬಡಾವಣೆಗೇ ವಾಣಿವಿಲಾಸ ಮೊಹಲ್ಲ ಎಂದು ಹೆಸರಿದ್ದರೂ ನೀರಿನ ವಿಷಯದಲ್ಲಿ ಹಲಗೆಯೇ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು.

ಸುದ್ದಿ ತರಲು ಅವರಿಗೊಂದು ಸೈಕಲ್ಲು. ಮುನಿಸಿಪಾಲಿಟಿಯ ಬಿಲ್ಲೆ ತಪ್ಪದೆ ಕಟ್ಟಿಸಿದ, ರಾತ್ರಿ ದೀಪ ತಪ್ಪದೆ ಹೊತ್ತಿಸುವ ಸೈಕಲ್ಲು. ಸಾಯಂಕಾಲ ನಾಲ್ಕಕ್ಕೆ ಹೊರಟರೆ ರೇಷನ್ ಅಂಗಡಿ, ಅಂಚೆ ಕಚೇರಿ, ವೆಂಕಟರಮಣಸ್ವಾಮಿ ದೇವಸ್ಥಾನ, ಅಲ್ಲಿಂದ ಇಳಿದು ದೇವರಾಜ ಮಾರುಕಟ್ಟೆ, ಕೊನೆಗೆ ಪುರಭವನ. ಅಲ್ಲಿ ಯಾವ ನಾಟಕ, ಯಾರ ಭಾಷಣ ಎಂದು ಗುರುತು ಹಾಕಿಕೊಂಡು ಏಳರೊಳಗೆ ವಾಪಸು. ಎರಡು ಮೂರು ಸಲ ನಮ್ಮನ್ನೂ ಕರೆದುಕೊಂಡು ಹೋಗಿದ್ದುಂಟು. ಪಕ್ಕದ ದೊಡ್ಡ ಗಡಿಯಾರದ ಮುಂದೆ ನಿಲ್ಲಿಸಿ ಗಂಟೆ ಎಷ್ಟೆಂದು ಓದಿಸುತ್ತಿದ್ದರು. 1927ರಲ್ಲಿ ನಾಲ್ವಡಿಯವರ ಬೆಳ್ಳಿಹಬ್ಬಕ್ಕೆಂದು ಅರಮನೆಯ ನೌಕರರು ಕಟ್ಟಿಸಿದ ಗಡಿಯಾರ. ಅದರ ಮೇಲಿರುವುದು ಕನ್ನಡ ಅಂಕಿ. ಸ್ಕೂಲಿನಲ್ಲಿ ಇಂಗ್ಲಿಷ್ ಅಂಕಿ ಕಲಿತ ನಾವು ತಡವರಿಸಿದರೆ ಅವರಿಗೆ ಸಿಟ್ಟು. ಹಲಗೆಯ ಮೇಲೂ ಕನ್ನಡ ಅಂಕಿಯನ್ನೇ ಬರೆಯುತ್ತಿದ್ದರು. ನೀರು ಎಷ್ಟು ಹೊತ್ತಿಗೆ ಬರುತ್ತದೆಂದು ತಿಳಿಯಬೇಕಾದ ಗರಜಿಗೆ ಕ್ರಾಸಿನ ಕಾನ್ವೆಂಟು ಮಕ್ಕಳೆಲ್ಲ ಕನ್ನಡ ಅಂಕಿ ಕಲಿತವು.

ಪುರಭವನದ ಮೆಟ್ಟಿಲ ಮೇಲೆ ಕೂರಿಸಿ ಕಡಲೆಕಾಯಿ ಕೊಡಿಸಿ ಅವರು ಹೇಳುತ್ತಿದ್ದ ಕಥೆ ಯಾವಾಗಲೂ ಒಂದೇ, ರಂಗಾಚಾರ್ಲು ಅವರದು. 1881ರ ಅಕ್ಟೋಬರಿನಲ್ಲಿ ದಸರೆಗೆಂದು ಮೈಸೂರಿಗೆ ಬಂದ ರೈತರನ್ನೂ ವರ್ತಕರನ್ನೂ, ಒಟ್ಟು 144 ಜನರನ್ನು ಕೂರಿಸಿಕೊಂಡು ದಿವಾನರು ಸರ್ಕಾರದ ಲೆಕ್ಕ ಒಪ್ಪಿಸಿದರು. ಮಳೆ ಎಷ್ಟು, ಕಂದಾಯ ಎಷ್ಟು, ರೈಲುದಾರಿ ಎಲ್ಲಿಯವರೆಗೆ ಬಂತು. ಪ್ರಜಾಪ್ರತಿನಿಧಿ ಸಭೆ ಶುರುವಾದದ್ದು ಹಾಗೆ. ಬಂದವರಿಗೆ ಓಟು ಹಾಕುವ ಅಧಿಕಾರವಿರಲಿಲ್ಲ; ಕೇಳುವುದು, ತಮ್ಮ ಅಹವಾಲು ಹೇಳಿಕೊಳ್ಳುವುದು ಇಷ್ಟೇ. "ಆದರೂ ದಿವಾನರು ಎದುರಿಗೆ ಕೂತಿದ್ದರಲ್ಲ" ಎನ್ನುತ್ತಿದ್ದರು ಮೇಷ್ಟ್ರು, ಕಡಲೆಕಾಯಿ ಸಿಪ್ಪೆಯನ್ನು ಜೋಪಾನವಾಗಿ ಪೊಟ್ಟಣಕ್ಕೇ ಹಾಕುತ್ತ. "ಹೇಳಿದವರು ಎದುರಿಗೆ ಕೂತಿರಬೇಕು ಕಣ್ರೋ. ಹೇಳಿ ಎದ್ದುಹೋದರೆ ಅದು ಸುದ್ದಿಯಲ್ಲ, ಡಂಗುರ." ರಂಗಾಚಾರ್ಲು 1883ರಲ್ಲಿ ತೀರಿಕೊಂಡರು. ಅವರ ನೆನಪಿಗೆ ಮರುವರ್ಷ ಎದ್ದದ್ದೇ ಆ ಪುರಭವನ. ನಮಗೆ ಆಗ ಕಡಲೆಕಾಯಿಯಷ್ಟೇ ಸವಿ. ಮಾತು ಈಗ ಈಗ ರುಚಿ ಹತ್ತುತ್ತಿದೆ.

ಮೇಷ್ಟ್ರ ನಿಜವಾದ ಕಸುಬು ಇದ್ದದ್ದು ಭಾಷಾಂತರದಲ್ಲಿ. ಕನ್ನಡದಿಂದ ಕನ್ನಡಕ್ಕೆ. ಕಚೇರಿಗಳ ಪ್ರಕಟಣೆ ಹೇಗಿರುತ್ತದೆ ಎಂದು ನಿಮಗೂ ಗೊತ್ತು. "ಹೊಂಗಳ್ಳಿಯಲ್ಲಿ ತುರ್ತು ದುರಸ್ತಿ ಕಾಮಗಾರಿಯನ್ನು ಕೈಗೊಂಡಿರುವ ಪ್ರಯುಕ್ತ ಸದರಿ ದಿನಾಂಕದಂದು ನೀರು ಸರಬರಾಜಿನಲ್ಲಿ ವ್ಯತ್ಯಯ ಉಂಟಾಗಲಿದ್ದು ಸಾರ್ವಜನಿಕರು ಸಹಕರಿಸಬೇಕಾಗಿ ಈ ಮೂಲಕ" ಎಂದು ಸಾಗಿ ಸಾಗಿ, ಕ್ರಿಯಾಪದ ಬರುವ ಹೊತ್ತಿಗೆ ನೀರೇ ನಿಂತಿರುತ್ತದೆ. ವಠಾರದ ಕೊನೆಮನೆಯ ಅಜ್ಜಿ ಬಹಳ ದಿನ ಕೇಳಿಸಿಕೊಂಡು ಒಂದು ದಿನ ಕೇಳಿಯೇಬಿಟ್ಟರು: "ಅಲ್ಲ ಮೇಷ್ಟ್ರೇ, ಈ ವ್ಯತ್ಯಯ ಅನ್ನೋನು ಯಾರು? ಅವನು ಬಂದ ದಿನವೇ ನೀರು ನಿಲ್ಲುತ್ತಲ್ಲ!" ಮೇಷ್ಟ್ರು ಆ ಉದ್ದದ ವಾಕ್ಯವನ್ನು ಒದ್ದೆ ಬಟ್ಟೆಯಂತೆ ಹಿಂಡಿ ಎರಡು ಸಾಲು ಮಾಡುತ್ತಿದ್ದರು. "ನಾಳೆ ನೀರಿಲ್ಲ. ಇವತ್ತೇ ತುಂಬಿಟ್ಟುಕೊಳ್ಳಿ." ದಸರೆಗೆ ಮುಂಚೆ ಆನೆ ಕುದುರೆಗಳಿಗೆ ಸದ್ದು ರೂಢಿಯಾಗಲೆಂದು ಕುಶಾಲತೋಪಿನ ತಾಲೀಮು ನಡೆಯುತ್ತದಲ್ಲ, ಆ ದಿನ ಹಲಗೆಯಲ್ಲಿ: "ಬೆಳಿಗ್ಗೆ ತೋಪು ಹಾರಿಸುತ್ತಾರೆ. ಹಸು ಕಟ್ಟಿಹಾಕಿ. ಕೂಸುಗಳನ್ನು ಎತ್ತಿಕೊಂಡಿರಿ." ನಾಯಿಗೆ ಬಿಲ್ಲೆ ಹಾಕಿಸುವ ಗಡುವು, ಸಿಡುಬಿನ ಚುಚ್ಚುಮದ್ದು, ಸೀಮೆಎಣ್ಣೆ ಗಾಡಿ, ಎಂಟನೇ ಕ್ರಾಸಿನ ಗಣೇಶೋತ್ಸವದಲ್ಲಿ ಈ ಸಂಜೆ ಯಾರ ಕಚೇರಿ, ಎಲ್ಲಕ್ಕೂ ಇದೇ ಅಳತೆ. ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದುವ ಅಭ್ಯಾಸ ಬೇರೆ. ಅಮ್ಮ ಅಡುಗೆಮನೆಯ ಕಿಟಕಿಯಿಂದಲೇ ಕೇಳಿಸಿಕೊಂಡು ಹಂಡೆ ತುಂಬಲು ಹೊರಡುತ್ತಿದ್ದಳು. ಹಲಗೆ ಓದಲು ಹೊರಗೆ ಬಂದದ್ದನ್ನು ನಾನು ಒಮ್ಮೆಯೂ ಕಾಣೆ.

ಏಳು ಗಂಟೆಗೆ ಗೋಡೆಯ ಮುಂದೆ ಹತ್ತು ಹನ್ನೆರಡು ಜನ. ಹಾಲಿನ ಬಾಟಲಿ ಹಿಡಿದವರು, ವಾಕಿಂಗ್ ಮುಗಿಸಿದವರು, ಹಲ್ಲುಜ್ಜುತ್ತಲೇ ಬಂದವರು. ಓದಿದ್ದಾದ ಮೇಲೆ ಸುಮ್ಮನೆ ಹೋಗುವವರಿರಲಿಲ್ಲ. "ನೀರು ಮೇಲಿನ ಸಾಲಿಗೂ ಇಲ್ಲವೋ, ಬರೀ ನಮ್ಮ ಸಾಲಿಗೋ?" "ಸಕ್ಕರೆ ಕಾರ್ಡಿಗೆ ಎಷ್ಟು?" "ಹರಿಕಥೆ ದಾಸರು ಹೋದ ವರ್ಷದವರೇನಾ? ಹಾಗಾದರೆ ನಾನು ಬರೋಲ್ಲ." ಗೊತ್ತಿದ್ದರೆ ಮೇಷ್ಟ್ರು ಅಲ್ಲೇ ಹೇಳುವರು. ಗೊತ್ತಿಲ್ಲದಿದ್ದರೆ "ವಿಚಾರಿಸಿ ಸಾಯಂಕಾಲ ಹೇಳ್ತೀನಿ" ಎನ್ನುವರು, ಹೇಳಿಯೂ ಹೇಳುವರು. ನಮ್ಮ ಕಡೆಯ ಕೌನ್ಸಿಲರು ಆ ದಾರಿಯಲ್ಲಿ ಹೋಗುವಾಗ ಸ್ಕೂಟರು ನಿಲ್ಲಿಸಿ ಹಲಗೆ ಓದಿಯೇ ಹೋಗುತ್ತಿದ್ದರು. ಪತ್ರಿಕೆಯಲ್ಲಿ ಬಂದದ್ದಕ್ಕೆ ಅವರು ಅಷ್ಟು ತಲೆ ಕೆಡಿಸಿಕೊಂಡಿರಲಾರರು. ಪತ್ರಿಕೆಯವರು ಅವರ ಎದುರುಮನೆಯಲ್ಲಿ ಇರಲಿಲ್ಲ. ಆ ಮುನಿಸಿಪಾಲಿಟಿ ಆಮೇಲೆ ಕಾರ್ಪೊರೇಷನ್ ಆಯಿತು, ಈಗ ಮಹಾನಗರ ಪಾಲಿಕೆ. ಮೇಷ್ಟ್ರ ಬಾಯಲ್ಲಿ ಕೊನೆಯವರೆಗೂ ಮುನಿಸಿಪಾಲ್ಟಿಯೇ.

ತಪ್ಪೂ ಆಗುತ್ತಿತ್ತು. ಒಂದು ಸಲ ದೊಡ್ಡದೇ ಆಯಿತು. ಮೇಲಿನ ಸಾಲಿನ ರಿಟೈರ್ಡ್ ಹೆಡ್‌ಕ್ಲಾರ್ಕ್ ಒಬ್ಬರು ತೀರಿಕೊಂಡರೆಂದು ಬರೆದುಬಿಟ್ಟರು. ತೀರಿಕೊಂಡವರು ಅದೇ ಹೆಸರಿನ ಇನ್ನೊಬ್ಬರು, ಜಯಲಕ್ಷ್ಮೀಪುರದವರು. ಏಳೂಕಾಲಿಗೆ ಸ್ವತಃ ಹೆಡ್‌ಕ್ಲಾರ್ಕೇ ಕೊಡೆ ಊರಿಕೊಂಡು ಬಂದು, ಹಲಗೆಯ ಮುಂದೆ ನಿಂತು, ಕನ್ನಡಕ ಒರೆಸಿ ಎರಡೆರಡು ಸಲ ಓದಿದರು. ಜನ ಉಸಿರು ಬಿಗಿಹಿಡಿದು ನಿಂತರು. "ಮೇಷ್ಟ್ರೇ, ಹತ್ತು ಗಂಟೆಗೆ ಎತ್ತೋದು ಅಂತ ಬರೆದಿದ್ದೀರಿ. ಹತ್ತಕ್ಕೆ ನನಗೆ ಟ್ರೆಜರಿಯಲ್ಲಿ ಕೆಲಸ ಇದೆ. ಸ್ವಲ್ಪ ಮುಂದಕ್ಕೆ ಹಾಕೋಕಾಗುತ್ತಾ?" ಮೇಷ್ಟ್ರು ನಗಲಿಲ್ಲ. ಒರೆಸಿದರು. ಅದೇ ಜಾಗದಲ್ಲಿ, ಅಷ್ಟೇ ದೊಡ್ಡ ಅಕ್ಷರದಲ್ಲಿ ಬರೆದರು: "ಮೇಲೆ ಬರೆದದ್ದು ತಪ್ಪು. ವಿಚಾರಿಸದೆ ಬರೆದೆ. ತಪ್ಪು ನನ್ನದು." ಮೂರು ದಿನ ಆ ಸಾಲನ್ನು ಅಳಿಸಲು ಬಿಡಲಿಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನನ್ನ ನೆನಪು ರಂಗೋಲಿಯಷ್ಟು ಚೊಕ್ಕಟವಾಗಿ ಕಂಡೀತು. ಹಾಗಿರಲಿಲ್ಲ. ಮೈಸೂರಿನ ಹಳೆಯ ಬಡಾವಣೆಗಳಲ್ಲಿ ಮನೆಗಳ ಬೆನ್ನಿಗೆ ಕನ್ಸರ್ವೆನ್ಸಿ ಗಲ್ಲಿಗಳಿವೆ. 1903ರಲ್ಲೇ ಈ ಊರಿಗೆ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಬಂತು ಎಂದು ನಾವು ಹೆಮ್ಮೆಪಡುತ್ತೇವೆ. ಅಗಲದ ರಸ್ತೆ ಮುಂದೆ, ಇಕ್ಕಟ್ಟಿನ ಗಲ್ಲಿ ಹಿಂದೆ. ಆ ಹಿಂದಿನ ಗಲ್ಲಿಯಲ್ಲಿ ಬಂದು ಹೋಗುವವರು ನಮ್ಮ ಮುಂದಿನ ಗೋಡೆಯ ಸುದ್ದಿಗೆ ಸೇರಿದವರೆಂದು ನಾವ್ಯಾರೂ ಎಣಿಸಿರಲಿಲ್ಲ. ಗಲ್ಲಿ ಗುಡಿಸುತ್ತಿದ್ದ ಹೆಂಗಸು ದಿನಾ ಬೆಳಿಗ್ಗೆ ಪೊರಕೆ ಬದಿಗಿಟ್ಟು, ಗುಂಪು ಚದುರಿದ ಮೇಲೆ ಬಂದು ದೂರದಲ್ಲಿ ನಿಂತು "ಇವತ್ತೇನು ಬರೆದಿದೀರ ಸ್ವಾಮಿ" ಎಂದು ಕೇಳುವಳು. ಮೇಷ್ಟ್ರು ಅವಳಿಗಾಗಿ ಇನ್ನೊಮ್ಮೆ ಮೇಲಿನಿಂದ ಓದುವರು. ಒಂದು ದಿನ ಅವಳು ಏನೂ ಕೇಳಲಿಲ್ಲ. "ನಮ್ಮನೆಯವರು ಹೋಗ್ಬುಟ್ರು ಸ್ವಾಮಿ. ನಮ್ದೂ ಬರೀತೀರಾ?" ಎಂದಳು.

ಮೇಷ್ಟ್ರು ಬರೆದರು. ಅವನ ಹೆಸರು, ಮುನಿಸಿಪಾಲಿಟಿಯಲ್ಲಿ ಎಷ್ಟು ವರ್ಷ ದುಡಿದಿದ್ದ ಎಂಬುದು, ಎಷ್ಟು ಹೊತ್ತಿಗೆ ಎತ್ತುತ್ತಾರೆ ಎಂಬುದು. ಹೆಡ್‌ಕ್ಲಾರ್ಕಿಗೆ ಬರೆದಷ್ಟೇ ದೊಡ್ಡ ಅಕ್ಷರ. ಮಧ್ಯಾಹ್ನ ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಆ ಮೂರು ಸಾಲನ್ನು ಯಾರೋ ಒರೆಸಿದ್ದರು. ಮಿಕ್ಕದ್ದೆಲ್ಲ ಹಾಗೇ ಇತ್ತು: ಸಕ್ಕರೆ, ಹರಿಕಥೆ, ನೀರು. ಯಾರೆಂದು ತಿಳಿಯಲಿಲ್ಲ. ಗೋಡೆ ನಮ್ಮದು; ಒದ್ದೆ ಬಟ್ಟೆ ನಮ್ಮ ಗೇಟಿನ ಮೇಲೇ ನೇತಾಡುತ್ತಿತ್ತು. ಅಮ್ಮನನ್ನು ಕೇಳಿದೆ. ಒಲೆಯ ಕಡೆ ತಿರುಗಿಕೊಂಡಳು. ಆ ಪ್ರಶ್ನೆಯನ್ನು ನಾನು ಮತ್ತೆಂದೂ ಕೇಳಲಿಲ್ಲ, ಈಗ ಕೇಳಲು ಅಮ್ಮನಿಲ್ಲ. ಮರುದಿನ ಮೇಷ್ಟ್ರು ಅದೇ ಮೂರು ಸಾಲನ್ನು ಮತ್ತೆ ಬರೆದರು. ಮಣ್ಣಾಗಿ ಒಂದು ದಿನ ಕಳೆದಿತ್ತು, ಯಾರೂ ಹೋಗುವಂತಿರಲಿಲ್ಲ. ಆದರೂ ಬರೆದರು, ಗಟ್ಟಿಯಾಗಿ ಓದಿದರು. ಅಂದು ಗೋಡೆಯ ಮುಂದೆ ಪ್ರಶ್ನೆ ಕೇಳಿದವರಿಲ್ಲ.

ರೇಡಿಯೊ ಇತ್ತಲ್ಲ, ಪತ್ರಿಕೆ ಇತ್ತಲ್ಲ ಎನ್ನುತ್ತೀರಿ. ರೇಡಿಯೊ ಹುಟ್ಟಿದ್ದೇ ನಮ್ಮ ಪಕ್ಕದಲ್ಲಿ. 1935ರಲ್ಲಿ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರದ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿ ತಮ್ಮ ಮನೆ 'ವಿಠಲ ವಿಹಾರ'ದಲ್ಲೇ ಒಂದು ಪುಟ್ಟ ಟ್ರಾನ್ಸ್‌ಮಿಟರ್ ಇಟ್ಟುಕೊಂಡು ಬಾನುಲಿ ಶುರುಮಾಡಿದರು. ಆಕಾಶವಾಣಿ ಎಂಬ ಹೆಸರು ಆ ಮನೆಯಿಂದ ಹೊರಟು ಆಮೇಲೆ ಇಡೀ ದೇಶದ ರೇಡಿಯೊಗೆ ಅಂಟಿಕೊಂಡಿತು. ಮೇಷ್ಟ್ರು ಆಗ ಹುಡುಗ. ಪ್ರೊಫೆಸರರ ಮನೆಯ ಗೇಟಿನ ಹೊರಗೆ ನಿಂತು ಒಳಗಿನ ಸಂಗೀತ ಕೇಳಿದವರು. 1955ರಲ್ಲಿ ಕೇಂದ್ರ ಬೆಂಗಳೂರಿಗೆ ಹೋಯಿತು. "ಮನೆಯಿಂದ ಬರುತ್ತಿದ್ದದ್ದು ಆಕಾಶಕ್ಕೆ ಹೋಯಿತು" ಎಂದು ಅವರು ಹೇಳುತ್ತಿದ್ದ ರೀತಿಯಲ್ಲಿ ನಗು ಎಷ್ಟು, ಬೇಸರ ಎಷ್ಟು ಎಂದು ಬಿಡಿಸಲಾಗುತ್ತಿರಲಿಲ್ಲ.

1994ರ ನವೆಂಬರಿನಲ್ಲಿ ಕುವೆಂಪು ತೀರಿಕೊಂಡರು. ಅವರ ಮನೆ 'ಉದಯರವಿ' ನಮಗೆ ನಡೆದು ಹೋಗುವ ದೂರ. ಆ ಸುದ್ದಿಯನ್ನು ಹಲಗೆ ಹೇಳಬೇಕಾಗಿರಲಿಲ್ಲ, ಟಿ.ವಿ., ರೇಡಿಯೊ, ಊರಿಗೆ ಊರೇ ಹೇಳುತ್ತಿತ್ತು. ಮೇಷ್ಟ್ರಿಗೆ ಆಗ ಎಂಬತ್ತರ ಹತ್ತಿರ, ಕೈ ನಡುಗುತ್ತಿತ್ತು. ಬಂದು ಹಲಗೆ ಒರೆಸಿದರು. ತಿಥಿ ಬರೆದರು. ಬಹಳ ಹೊತ್ತು ನಿಂತು "ಇಂದು ನಮ್ಮ ಮೊಹಲ್ಲದಲ್ಲಿ ಬೇರೆ ಸುದ್ದಿ ಇಲ್ಲ" ಎಂದಷ್ಟೇ ಬರೆದು ಹೋದರು. ಅಂದು ನೀರು ಬರುವ ದಿನವಾಗಿತ್ತು. ಅದನ್ನು ಬರೆದಿರಲಿಲ್ಲವೆಂದು ಯಾರೂ ಆಕ್ಷೇಪಿಸಲಿಲ್ಲ.

ಎರಡು ವರ್ಷದ ಮೇಲೆ, ಒಂದು ಸಾಯಂಕಾಲ ಮೇಷ್ಟ್ರು ಎಂದಿಲ್ಲದ ಹಾಗೆ ಮರುದಿನದ ಸುದ್ದಿಯನ್ನು ಹಿಂದಿನ ದಿನವೇ ಬರೆದರು. "ಬೆಳಿಗ್ಗೆ ಮಗಳ ಊರಿಗೆ ಹೋಗ್ತಿದ್ದೀನಿ, ನಾಲ್ಕು ದಿನ ಬಿಟ್ಟು ಬರ್ತೀನಿ" ಎಂದರು. ಮಗಳ ಊರು ಅರಸೀಕೆರೆ. ಅಲ್ಲಿಂದ ಅವರು ಬರಲಿಲ್ಲ. ಸುದ್ದಿ ವಠಾರದ ಮಾಲೀಕರ ಮನೆಗೆ ಫೋನಿನಲ್ಲಿ ಬಂತು. ಕಾರ್ಯವೆಲ್ಲ ಅಲ್ಲೇ ಮುಗಿಸಿದರು.

ಹಲಗೆಯ ಮೇಲೆ ಯಾರಾದರೂ ಅದನ್ನು ಬರೆಯಬೇಕಿತ್ತು. ನಾನು ಬರೆಯುತ್ತೇನೆಂದು ಅಪ್ಪ, ಅಪ್ಪ ಬರೆಯುತ್ತಾರೆಂದು ವಠಾರದವರು, ವಠಾರದವರು ಬರೆಯಲಿ ಎಂದು ನಾನು. ಒರೆಸಿದರೆ ಅವರ ಕೈಬರಹ ಹೋಗುತ್ತದಲ್ಲ ಎಂಬುದು ನೆಪವೋ ನಿಜವೋ. ಅಂತೂ ಮೇಷ್ಟ್ರ ಕೊನೆಯ ಎರಡು ಸಾಲು ಹಾಗೇ ಉಳಿಯಿತು: "ನಾಳೆ ನೀರಿಲ್ಲ. ಇವತ್ತೇ ತುಂಬಿಟ್ಟುಕೊಳ್ಳಿ."

ಅದರ ಫಜೀತಿ ಏನೆಂದರೆ, ಅದು ಎಂದಿಗೂ ಹಳೆಯದಾಗದ ಸುದ್ದಿ. ನಾಳೆ ಎನ್ನುವುದಕ್ಕೆ ತಾರೀಖಿಲ್ಲ. ನಮಗೆ ವಿಷಯ ಗೊತ್ತು. ಹೊಸ ಬಾಡಿಗೆಯವರಿಗೆ, ಆ ದಾರಿಯಲ್ಲಿ ಹಾದುಹೋಗುವವರಿಗೆ ಗೊತ್ತಿರಲಿಲ್ಲ. ಅವರು ಮನೆಗೆ ಓಡಿ ಬಕೆಟ್ಟು, ಕೊಡ, ಒಗೆಯುವ ಟಬ್ಬು ಎಲ್ಲ ತುಂಬಿಟ್ಟು ಮರುದಿನ ನಲ್ಲಿಯಲ್ಲಿ ಧೋ ಎಂದು ನೀರು ಬಂದಾಗ ಬೆಪ್ಪಾಗುತ್ತಿದ್ದರು. ಅದೇ ವರ್ಷಗಳಲ್ಲಿ ಬೆಂಗಳೂರಿನ ಕಡೆ ರಾತ್ರಿ ಬಂದು ಬಾಗಿಲು ತಟ್ಟುವ ದೆವ್ವಕ್ಕೆ ಹೆದರಿ ಗೋಡೆಗಳ ಮೇಲೆ 'ನಾಳೆ ಬಾ' ಎಂದು ಬರೆದ ಕಥೆ ಕೇಳಿರುತ್ತೀರಿ. ದೆವ್ವ ದಿನವೂ ಬಂದು, ದಿನವೂ ಓದಿ, ನಾಳೆ ಬರೋಣ ಎಂದು ಹಿಂತಿರುಗುತ್ತಿತ್ತಂತೆ. ನಮ್ಮ ಗೋಡೆಗೂ ಆ ಬೆಂಗಳೂರಿನ ಜಾಡ್ಯ ಹತ್ತಿದೆ ಎಂದು ಹೆಡ್‌ಕ್ಲಾರ್ಕು ಹೇಳಿದರು. ಹೌದು, ಅವರು ಇನ್ನೂ ಇದ್ದರು. ಒಂದು ಸಲ ಹಲಗೆಯ ಮೇಲೆ ಸತ್ತವರು ಎಂಬತ್ತೊಂಬತ್ತರವರೆಗೂ ಬಾಳಿದರು.

ಆ ವರ್ಷದ ಮುಂಗಾರು ಎರಡು ಸಾಲನ್ನೂ ತೊಳೆಯಿತು. ಬರೀ ಹಲಗೆ ಉಳಿಯಿತು. ಟ್ಯೂಷನ್ನಿನವರು ಬರೆದರು, ಹುಡುಗರು ವಿಕೆಟ್ಟು ಬರೆದರು, ಯಾರೋ ಯಾರನ್ನೋ ಪ್ರೀತಿಸುವುದಾಗಿ ಬರೆದು ಮರುದಿನವೇ ಹೆಸರು ತಿದ್ದಿದರು. ಅಪ್ಪ ಹೋದ ಮೇಲೆ ನಾನೇ ಸುಣ್ಣ ಹೊಡೆಸಿದೆ.

ಈಗ ನಮ್ಮ ಕ್ರಾಸಿಗೊಂದು ವಾಟ್ಸಾಪ್ ಗುಂಪಿದೆ. ಇನ್ನೂರ ಹದಿನಾಲ್ಕು ಜನ. ಅವರಲ್ಲಿ ಹಲವರು ಕ್ರಾಸು ಬಿಟ್ಟು ಎಷ್ಟೋ ವರ್ಷವಾಯಿತು. ನೀರಿನ ಸುದ್ದಿ ಅಲ್ಲಿ ಬರುತ್ತದೆ, ವ್ಯತ್ಯಯ ಸಮೇತ, ಪ್ರಕಟಣೆಯ ಫೋಟೊ ಸಮೇತ. ಬೇಗ ಬರುತ್ತದೆ, ತಪ್ಪಿಲ್ಲದೆ ಬರುತ್ತದೆ, ಒಪ್ಪುತ್ತೇನೆ. ಮೇಷ್ಟ್ರಿಗಿಂತ ಒಂದು ದಿನ ಮೊದಲೇ ಬರುತ್ತದೆ. ಮೇಲಿನ ಸಾಲಿಗೂ ಇಲ್ಲವೋ ಎಂದು ಕೇಳಿ ನೋಡಿ. ಹಾಕಿದವರು "ನನಗೂ ಫಾರ್ವರ್ಡ್ ಬಂದದ್ದು" ಎನ್ನು­ತ್ತಾರೆ. ಅದಕ್ಕೆ ಆರು ಜನ ಕೈಮುಗಿಯುತ್ತಾರೆ. ಪಾಲಿಕೆಯ 65 ವಾರ್ಡುಗಳ ಸದಸ್ಯರ ಅವಧಿ 2023ರ ನವೆಂಬರಿಗೆ ಮುಗಿಯಿತು; ಹೊಸ ಚುನಾವಣೆ ಬೆನ್ನಿಗೇ ನಡೆಯಲಿಲ್ಲ, ಆಡಳಿತಾಧಿಕಾರಿ ಬಂದರು. ಸ್ಕೂಟರು ನಿಲ್ಲಿಸಿ ಓದಿಹೋಗುವ ಕೌನ್ಸಿಲರೂ ಇಲ್ಲವಾದರು. ಓದಲು ಗೋಡೆಯೂ ಇಲ್ಲ ಎನ್ನಿ.

ಶುಭೋದಯದ ಹೂವುಗಳ ಕಾಟಕ್ಕೆ ಗುಂಪಿನ ಸದ್ದಡಗಿಸಿದ್ದೆ. ಹೋದ ಬೇಸಿಗೆಯಲ್ಲಿ ಒಂದು ದಿನ ತೆರೆದು ನೋಡಿದರೆ, ಮಾವಿನಹಣ್ಣು ಮನೆ ಬಾಗಿಲಿಗೆ ಎಂಬ ಜಾಹೀರಾತಿಗೂ ಕಳೆದುಹೋದ ಬೆಕ್ಕಿನ ಚಿತ್ರಕ್ಕೂ ನಡುವೆ ಎದುರು ಸಾಲಿನ ಮೂರನೇ ಮನೆಯ ಅತ್ತೆ ತೀರಿಕೊಂಡ ಸುದ್ದಿ. ಐದು ದಿನ ಹಳೆಯದು. ನಾವು ಮಕ್ಕಳೆಲ್ಲ ಅವರನ್ನು ಅತ್ತೆ ಎಂದೇ ಕರೆದದ್ದು. ಅವರ ಗೊಜ್ಜವಲಕ್ಕಿ ತಿಂದು ಸ್ಕೂಲಿಗೆ ಹೋದವರು. ಆ ಐದು ದಿನವೂ ನಾನು ಅವರ ಮನೆಯ ಮುಂದೆ ಹಾಲಿಗೆ ಹೋಗಿದ್ದೇನೆ, ಬಂದಿದ್ದೇನೆ. ಬಾಗಿಲು ಹಾಕಿತ್ತು, ಬೇಸಿಗೆಯಲ್ಲವೇ, ಮಗಳ ಮನೆಗೆ ಹೋಗಿದ್ದಾರೆ ಎಂದುಕೊಂಡಿದ್ದೆ. ಸಂಜೆ ಹೋದಾಗ ಅಮೆರಿಕದಿಂದ ಬಂದ ಮಗಳು ಬಾಗಿಲು ತೆಗೆದಳು. ಕೋಪವೇನೂ ಇರಲಿಲ್ಲ ಅವಳಿಗೆ, ಆಶ್ಚರ್ಯ ಅಷ್ಟೇ.

"ಗ್ರೂಪಿಗೆ ಹಾಕಿದ್ವಲ್ಲ ಅಕ್ಕ" ಎಂದಳು.

ಹಾಕಿದ್ದರು. ನಾನೇ ನೋಡಿರಲಿಲ್ಲ. ಯಾರ ತಪ್ಪು ಎಂದು ಬರೆಯಲು ಜಾಗವಿದ್ದಿದ್ದರೆ ಮೇಷ್ಟ್ರಂತೆ ಬರೆದಿಡುತ್ತಿದ್ದೆ, ಮೂರು ದಿನ.

ಪೇಂಟರು ಇನ್ನೂ ಗೇಟಿನ ಹತ್ತಿರವೇ ನಿಂತಿದ್ದ.

"ಒಂದು ಕೆಲಸ ಮಾಡಬಹುದು ಅಮ್ಮಾ. ಆಯಿಲ್ ಪ್ರೈಮರ್ ಹೊಡೆದು, ಪಟ್ಟಿ ಹಾಕಿ, ಮೇಲೆ ಎರಡು ಕೋಟು ಕೊಟ್ರೆ ಪೂರ್ತಿ ಮುಚ್ಚಿಹೋಗ್ತದೆ. ಸಾವಿರದ ಇನ್ನೂರು ಎಕ್ಸ್‌ಟ್ರಾ ಆಗ್ತದೆ."

"ಬೇಡಪ್ಪ" ಎಂದೆ. "ಅಷ್ಟು ಹಾಗೇ ಬಿಟ್ಟುಬಿಡು."

ಸಾಯಂಕಾಲ ಲೆಕ್ಕ ಕೊಡುವಾಗ ಒಟ್ಟು ಅಳತೆಯಿಂದ ಇಪ್ಪತ್ತೊಂದು ಚದರಡಿ ಕಳೆದು ಬರೆದಿದ್ದ.